ಒಳಗಾದ ದಿನಗಳು

೨೦೨೪ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ೧೦.೪೦. ಮೀಟರ್ ಕೂರಿಸಿ ಎರಡೂ ತುದಿ ಮುಚ್ಚಿದ ಕೊಳವೆಗೆ ನೀರಿನ ಒತ್ತಡ ಕೊಟ್ಟು, ಎಲ್ಲಾದರೂ ಸೋರುತ್ತದೆಯೇ ಎಂದು ಮುಳ್ಳನ್ನೇ ನೋಡುತ್ತಿದ್ದೆ. ನೀರಿನ ಮೀಟರುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಮುಳ್ಳು ಅಲುಗಲಿಲ್ಲ. ನನ್ನ ಎಡ ಕಿಬ್ಬೊಟ್ಟೆಯೊಳಗೆ ಮಾತ್ರ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಯಿತು.

ದಿನಚರಿಯಲ್ಲಿ ಗುರುತು ಹಾಕಿದೆ. ಹನ್ನೊಂದನೆಯ ಸಲ. ಸಲದಿಂದ ಸಲಕ್ಕೆ ಇಪ್ಪತ್ತೆಂಟು ದಿನ, ಅಪರೂಪಕ್ಕೆ ಇಪ್ಪತ್ತೇಳು.

ಐದು ವರ್ಷದ ಹಿಂದೆ ನನಗೆ ಮುಟ್ಟೆಂದರೆ ಹದಿನೈದು ದಿನ ರಕ್ತ. ಮಾತ್ರೆಗಳು ನಾಟದಿದ್ದಾಗ ಗರ್ಭಕೋಶದ ಒಳಪದರವನ್ನು ಶಾಖ ಕೊಟ್ಟು ಸುಟ್ಟರು. ಆಮೇಲೆ ಒಂದು ಹನಿಯೂ ಕಂಡಿಲ್ಲ.

"ಪುಣ್ಯವಂತೆ ಕಣೇ, ಹೊರಗಾಗೋ ರಗಳೆನೇ ಇಲ್ಲ," ಎಂದು ಜೊತೆಗಿರುವ ಅಕ್ಕ ಹೊಟ್ಟೆಕಿಚ್ಚು ಪಡುತ್ತಾಳೆ.

ಈ ನೋವಿಗೆಂದು ಮಾಡಿಸಿದ ಎರಡು ಸ್ಕ್ಯಾನ್‌ಗಳಲ್ಲಿ ಏನೂ ಸಿಕ್ಕಿರಲಿಲ್ಲ. ವೈದ್ಯರು ತಲೆಯೆತ್ತದೆ, "ರಕ್ತಾನೇ ಹೋಗ್ತಿಲ್ಲ, ನೋವೆಲ್ಲಿಂದ ಬರತ್ತಮ್ಮಾ? ಮನಸ್ಸಿನ ಡಾಕ್ಟರ್‌ಗೆ ಒಂದ್ಸಲ ತೋರಿಸಿ," ಎಂದು ಚೀಟಿ ಕೊಟ್ಟಿದ್ದರು. ಅದು ಇನ್ನೂ ಪರ್ಸಿನಲ್ಲಿದೆ. ನೋವು ನಿಜವೋ, ನಾನೇ ಹುಟ್ಟಿಸಿಕೊಂಡದ್ದೋ? ಅಳತೆಯನ್ನು ನಂಬಿ ಬದುಕುವವಳಿಗೆ ನೋವಿಗಿಂತ ಆ ಅನುಮಾನವೇ ದೊಡ್ಡ ಭಯ.

ಅಂದು ಸಂಜೆ ಅಕ್ಕ ಬಟ್ಟೆ ಮಡಚುತ್ತಾ ದಿನಚರಿಯೊಳಗೆ ಇಣುಕಿದಳು.

"ನಾನು ಹೊರಗಾದ ತಾರೀಖುಗಳ್ನ ನೀನ್ಯಾಕೇ ಬರ್ಕೊಂಡಿದೀಯ?"

"ನಿನ್ನವಲ್ಲ. ನನ್ನ ಹೊಟ್ಟೆನೋವಿನವು."

ಅವಳು ನಕ್ಕಳು. ತನ್ನ ಫೋನು ತೆಗೆದು ಒಂದೊಂದೇ ತಾರೀಖು ತಾಳೆ ನೋಡಿದಳು. ನಗು ನಿಂತಿತು.

"ಹೊರಗಾಗೋದು ನಿಂತಿದೆ, ಸರಿ," ಎಂದಳು ಮೆಲ್ಲಗೆ. "ಒಳಗಾಗ್ತಿದ್ರೆ?"

ಹಳೆಯ ವರದಿಗಳನ್ನು ತೆಗೆದೆ. ಎರಡೂ ಸ್ಕ್ಯಾನ್ ನೋವಿನಿಂದ ಎರಡು ವಾರ ದೂರದಲ್ಲಿ ಆಗಿದ್ದವು. ನೀರು ಬಿಡದ ಹೊತ್ತಿನಲ್ಲಿ ಮೀಟರ್ ಓದಿದ ಹಾಗೆ.

ಎಲ್ಲೋ ಒಂದು ಮೂಲೆಯಲ್ಲಿ ಉಗುರಿನಷ್ಟು ಪದರ ಸುಡದೆ ಉಳಿದಿರಬೇಕು. ಹೊರದಾರಿ ಕಲೆಗಟ್ಟಿ ಮುಚ್ಚಿಹೋದದ್ದು ಅದಕ್ಕೆ ಗೊತ್ತಿಲ್ಲ. ತಿಂಗಳು ತಪ್ಪದೆ ಸಿದ್ಧವಾಗುತ್ತದೆ, ಬಂದು ಬಾಗಿಲು ತಟ್ಟುತ್ತದೆ, ದಾರಿ ಸಿಗದೆ ಕೆಲವು ದಿನಗಳಲ್ಲಿ ಒಳಗೇ ಇಂಗಿಹೋಗುತ್ತದೆ. ಮುಂದಿನ ಸಲ ನೋವು ಬಂದ ದಿನವೇ ಸ್ಕ್ಯಾನ್ ಮಾಡಿಸುವುದೆಂದು ಕಾದೆವು. ಆ ನಾಲ್ಕು ವಾರ ಕೂತರೂ ನಿಂತರೂ ನನ್ನೊಳಗೆ ಇನ್ನೊಬ್ಬರು ದಿನ ಎಣಿಸುತ್ತಿರುವಂತೆ ಅನಿಸುತ್ತಿತ್ತು.

ಏಪ್ರಿಲ್ ೧೧ರ ಬೆಳಿಗ್ಗೆ ಹೆಬ್ಬೆರಳು ಒತ್ತಿತು. ಸ್ಕ್ಯಾನ್ ಕೇಂದ್ರಕ್ಕೆ ಓಡಿದೆವು.

"ಇವತ್ತು ಖಾಲಿ ಇಲ್ಲ, ಮುಂದಿನ ವಾರ ಬನ್ನಿ," ಎಂದಳು ಕೌಂಟರಿನ ಹುಡುಗಿ.

"ಮುಂದಿನ ವಾರ ಅದು ಇರಲ್ಲಮ್ಮಾ," ಎಂದೆ ನಾನು.

"ಯಾವುದು?"

"ಅದನ್ನ ತಿಳ್ಕೊಳ್ಳೋಕೇ ಬಂದಿರೋದು," ಎಂದು ಅಕ್ಕ ಅಲ್ಲೇ ಬೆಂಚಿನ ಮೇಲೆ ಬೇರೂರಿದಳು. ಮಧ್ಯಾಹ್ನ ನಮ್ಮನ್ನು ಒಳಗೆ ಕರೆದರು.

ಕತ್ತಲೆ ಕೋಣೆ. ಪರದೆಯ ಬೂದುಬಣ್ಣದಲ್ಲಿ, ಎಡಮೂಲೆಯಲ್ಲಿ, ಕಪ್ಪನೆಯದೊಂದು ಗುಂಡಗೆ ಕೂತಿತ್ತು. ಹರಟುತ್ತಿದ್ದ ಸ್ಕ್ಯಾನ್ ಡಾಕ್ಟರಮ್ಮ ಪರದೆಯತ್ತ ಬಾಗಿದರು.

"ಐದು ವರ್ಷದಿಂದ ಮುಟ್ಟಾಗಿಲ್ಲ ಅಂದ್ರಲ್ಲಾ?"

"ಹೊರಗಾಗಿಲ್ಲ," ಎಂದಳು ಅಕ್ಕ.

ಡಾಕ್ಟರಮ್ಮ ಅಂಚುಗಳಿಗೆ ಗುರುತಿಟ್ಟು ಉದ್ದ, ಅಗಲ, ಆಳ ಅಳೆದರು. ಪರದೆಯ ಕೆಳಗೆ ಮೂಡಿದ್ದನ್ನು ನಾನೇ ಓದಿದೆ. ಸಿಕ್ಕಿಬಿದ್ದ ರಕ್ತ: ೮.೬ ಮಿಲಿಲೀಟರ್.