ಪೀಪಿ ಊದದ ಹಾಡುಗಳು

"ಪೇಪರಿನವರು ಹೊಗಳಿದ್ದಾರಂತೆ! ಅವರಿಗೆಲ್ಲ ಸಿ.ಡಿ. ಪುಕ್ಕಟೆ ಕೊಟ್ಟಿದ್ದೆ ಕಣಮ್ಮಾ. ಪುಕ್ಕಟೆ ಸಿಕ್ಕಿದ್ದನ್ನ ಯಾರು ಬೈತಾರೆ?"

ಮ್ಯಾನೇಜರ್ ಕೂಗುತ್ತಿದ್ದದ್ದು ನನ್ನ ತಂಗಿಯ ಮೇಲೆ. ಕೂತಿದ್ದದ್ದು ಅವಳದೇ ಮಾರಾಟವಾಗದ ಸಿ.ಡಿ.ಗಳ ಪೆಟ್ಟಿಗೆಯ ಮೇಲೆ. ನಮ್ಮ ಅಭ್ಯಾಸದ ಕೋಣೆಯಲ್ಲಿ ಅಂಥ ಪೆಟ್ಟಿಗೆಗಳನ್ನು ಕಿಟಕಿ ಮುಚ್ಚುವಷ್ಟು ಎತ್ತರಕ್ಕೆ ಪೇರಿಸಿಟ್ಟಿದ್ದರು. ಹಗಲಲ್ಲೂ ದೀಪ ಹಾಕಬೇಕಾಗಿತ್ತು.

"ಪುಕ್ಕಟೆ ಊಟ ಹಾಕಿದರೂ ಉಪ್ಪಿಲ್ಲ ಅನ್ನೋ ಜನ ಇದ್ದಾರೆ" ಎಂದೆ. "ಚೆನ್ನಾಗಿತ್ತು, ಹೊಗಳಿದರು. ನೀವು ಮೊದಲು ಅದರ ಮೇಲಿಂದ ಏಳಿ. ಒಳಗಿರೋದೆಲ್ಲ ಒಡೆದುಹೋಗುತ್ತೆ."

"ಒಡೀಲಿ ಬಿಡಕ್ಕಾ. ಒಡೆದರೆ ಯಾರು ಅಳ್ತಾರೆ?"

ತಂಗಿ ಮೂಲೆಯ ಸ್ಟೂಲಿನ ಮೇಲೆ ಟವೆಲ್ ಹೊದ್ದು, ಬಿಸಿನೀರಿನ ಬಟ್ಟಲ ಮೇಲೆ ಮುಖವಿಟ್ಟು ಹಬೆ ತೆಗೆದುಕೊಳ್ಳುತ್ತಿದ್ದಳು. ಅವಳು ಮಾತಾಡುವುದಿಲ್ಲ. ಮಾತೆಲ್ಲ ನನ್ನದು. ನಮ್ಮ ಮನೆಯಲ್ಲಿ ಕೆಲಸ ಹಂಚಿಕೊಂಡಿದ್ದದ್ದೇ ಹಾಗೆ: ಹಾಡು ಅವಳದು, ಜಗಳ ನನ್ನದು.

ಜನ ಅವಳನ್ನು ಪ್ರೀತಿಯಿಂದ ಪೀಪಿ ಅನ್ನುತ್ತಾರೆ. ಅವಳ ಮೊದಲ ಹಾಡು ರೆಕಾರ್ಡ್ ಆದ ದಿನ ಅವಳಿಗೆ ನೆಗಡಿ, ಧ್ವನಿ ಭಾರವಾಗಿತ್ತು. ಸೌಂಡ್ ಇಂಜಿನಿಯರ್ ಹಾಡನ್ನು ತುಸು ವೇಗವಾಗಿ ಓಡಿಸಿದ. ಧ್ವನಿ ತೆಳ್ಳಗೆ, ಚೂಪಾಗಿ, ಮಕ್ಕಳ ಪೀಪಿಯ ಹಾಗೆ ಹೊರಟಿತು. ಆ ಹಾಡು ಬಸ್ಸು, ಕ್ಷೌರದಂಗಡಿ, ಮದುವೆ ಮನೆ ಒಂದನ್ನೂ ಬಿಡಲಿಲ್ಲ. ಆಮೇಲೆ ವೇದಿಕೆ ಹತ್ತಿದರೆ ಜನ ಅದೇ ಧ್ವನಿ ಕೇಳಿದರು. ಯಂತ್ರ ಏರಿಸಿದ ಶ್ರುತಿಯನ್ನು ಅಂದಿನಿಂದ ಇವಳು ಗಂಟಲಿನಿಂದ ಏರಿಸಬೇಕಾಯಿತು. ಸಾವಿರಾರು ಜನ ಬಾಯಲ್ಲಿ ಪೀಪಿ ಇಟ್ಟುಕೊಂಡು ಊದುತ್ತಿದ್ದರೆ, ಅದರ ಮೇಲೆ ಹಾಡಬೇಕು.

ಹಾಡಿದ ಮಾರನೇ ದಿನ ಮನೆಯಲ್ಲಿ ಅವಳು ಮೂಕಿ. ಒಂದು ಚಪ್ಪಾಳೆ ತಟ್ಟಿದರೆ ನೀರು ಬೇಕು. ಎರಡು ತಟ್ಟಿದರೆ ಫ್ಯಾನ್ ಆರಿಸು. ಬಿಡದೆ ತಟ್ಟಿದರೆ, ಅಕ್ಕಾ, ನಿನ್ನ ಬಾಯಿ ಮುಚ್ಚು. ಕೊನೆಯದೇ ಹೆಚ್ಚು ಕೇಳಿಸುತ್ತಿತ್ತು.

ಕಂಪನಿಯ ಕರಾರಿನಲ್ಲಿ ಒಂದೇ ಒಂದು ಆಲ್ಬಮ್ ಉಳಿದಾಗ ಅವಳು ಹಟ ಹಿಡಿದಳು. ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಾ ಗುನುಗುತ್ತಿದ್ದ, ಬೇರೆಯವರು ಎಂದೋ ಹಾಡಿದ ಹಳೆಯ ಹಾಡುಗಳನ್ನೇ ಹಾಡುತ್ತೇನೆ, ನನ್ನ ಶ್ರುತಿಯಲ್ಲೇ ಹಾಡುತ್ತೇನೆ ಅಂತ. ಹೊಸ ಹಾಡು ಬರೆಸುವ ಖರ್ಚಿಲ್ಲವಲ್ಲ ಎಂದು ಕಂಪನಿ ಒಪ್ಪಿತು. ಒಪ್ಪಿದ್ದೇನೋ ಸರಿ, ಮುಖಪುಟದ ಮೇಲೆ ಏನು ಹಾಕಿದರು ಗೊತ್ತೇ? ಮಿಂಚುವ ಫ್ರಾಕು ತೊಟ್ಟು ಬಾಯಲ್ಲಿ ಪೀಪಿ ಕಚ್ಚಿಕೊಂಡಿದ್ದ, ಮೊದಲ ಹಾಡಿನ ಕಾಲದ ಹಳೆಯ ಫೋಟೋ! ಮಕ್ಕಳು ಹಟ ಮಾಡಿ ಕೊಡಿಸಿಕೊಂಡರು. ಮನೆಗೆ ಹೋಗಿ ಹಾಕಿದರೆ, ನಿಧಾನವಾಗಿ, ಕೆಳಗಿನ ಸ್ವರದಲ್ಲಿ, ಸಂಜೆ ಅಂಗಳ ಗುಡಿಸುವ ಹೆಂಗಸಿನ ಹಾಗೆ ಒಬ್ಬಳು ಹಾಡುತ್ತಿದ್ದಾಳೆ. ಒಳಗೆ ಬೇರೆ ಯಾರದೋ ಧ್ವನಿ ತುಂಬಿ ಮೋಸ ಮಾಡಿದ್ದೀರಿ ಎಂದು ಅಪ್ಪಂದಿರು ಅಂಗಡಿಗೆ ವಾಪಸ್ ತಂದರು. ಹಳೆಯ ಹಾಡು ಇಷ್ಟಪಡುವವರು ಆ ಪೀಪಿ ನೋಡಿಯೇ ಮುಟ್ಟಲಿಲ್ಲ.

ವಿಮರ್ಶಕರು ಮಾತ್ರ ಮುಖಪುಟ ನೋಡದೆ ಕೇಳಿದರು. 'ಈ ಗಾಯಕಿ ಇಷ್ಟು ದಿನ ಎಲ್ಲಿದ್ದಳು?' ಎಂದು ಒಬ್ಬ ಬರೆದ. ಓದಿ ನನಗೆ ಮೈಯೆಲ್ಲ ಉರಿಯಿತು. ಎಲ್ಲಿರುತ್ತಾಳೆ? ಇಲ್ಲೇ ಮೂಲೆಯಲ್ಲಿ ಹಬೆ ಕುಡಿಯುತ್ತಿದ್ದಳು!

"ಈಗ ಕೇಳಿ" ಎಂದ ಮ್ಯಾನೇಜರ್. "ಇದೇ ಹಾಡುಗಳನ್ನ ಯಂತ್ರದಲ್ಲಿ ಶ್ರುತಿ ಏರಿಸಿ, ಡ್ರಮ್ ಹಾಕಿ ಇನ್ನೊಂದು ಸಲ ಬಿಡೋಣ. ಪೀಪಿ ವಾಪಸ್ ಬಂದಳು ಅಂತ ಊರೂರಿನಲ್ಲಿ ಕಾರ್ಯಕ್ರಮ. ಹೊಸ ಕರಾರಿಗೆ ಸಹಿ ಹಾಕಿದರೆ ಆಯ್ತು."

"ಇನ್ನೊಂದು ಸುತ್ತು ವೇದಿಕೆ ಮೇಲೆ ಹಾಗೆ ಕಿರುಚಿದರೆ ಗಂಟಲು ಉಳಿಯಲ್ಲ ಅಂತ ಡಾಕ್ಟರು ಹೇಳಿದ್ದಾರೆ. ನಿಮಗೇನು, ಕಿವಿ ಕಿವುಡಾ?"

"ಡಾಕ್ಟರು ಹೇಳೋದೇ ಹಾಗೆ. ಸಹಿ ಹಾಕದಿದ್ದರೆ ಎಲ್ಲಿ ಹಾಡ್ತಾಳೆ?"

ತಂಗಿ ಟವೆಲ್ ಸರಿಸಿದಳು. ಮುಖ ಹಬೆಗೆ ಕೆಂಪಾಗಿತ್ತು. "ನಾಟಕದವರ ಸಣ್ಣ ಹಾಲ್ ಇದೆಯಲ್ಲ, ಅವರು ಕರೆದಿದ್ದಾರೆ. ವಿಮರ್ಶೆ ಓದಿದರಂತೆ. ವಾರಕ್ಕೊಂದು ಸಂಜೆ. ಇನ್ನೂರು ಕುರ್ಚಿ."

"ಇನ್ನೂರಾ? ನಿನ್ನ ಕಾರ್ಯಕ್ರಮದಲ್ಲಿ ಕುರ್ಚಿ ಹಾಕೋಕೇ ಇನ್ನೂರು ಜನ ಇರ್ತಿದ್ದರಲ್ಲಮ್ಮಾ!"

"ಹೌದು. ಇನ್ನು ಮೇಲೆ ಕೂತ್ಕೊಳ್ಳೋಕೆ ಇನ್ನೂರು ಜನ."

ಮ್ಯಾನೇಜರ್ ಎದ್ದ. "ಹಾಗಾದರೆ ನಾನು ಹೊರಟೆ" ಎಂದು ಬಾಗಿಲು ದಡಾರೆಂದು ಎಳೆದುಕೊಂಡು ಹೋದ.

ಇದು ಅವನ ಹಳೆಯ ವಿದ್ಯೆ. ಪ್ರತಿ ಜಗಳದಲ್ಲೂ ಎದ್ದು ಹೋಗುವುದು, ಮೆಟ್ಟಿಲ ತಿರುವಿನಲ್ಲಿ ನಿಂತು ಸಿಗರೇಟು ಹಚ್ಚುವುದು. ಅದು ಅರ್ಧ ಉರಿಯುವಷ್ಟರಲ್ಲಿ ನಾನು ಹೋಗಿ, "ಬನ್ನಿ ಸಾರ್, ಹುಡುಗಿ ಏನೋ ಅಂದಳು, ಮನಸ್ಸಿಗೆ ಹಚ್ಕೋಬೇಡಿ" ಎಂದು ಕರೆತರುವುದು. ಕೂಗಾಡುವವಳೂ ನಾನೇ, ಕರೆತರುವವಳೂ ನಾನೇ. ಕಾಲಿಗೆ ರೂಢಿಯಾಗಿತ್ತು ನೋಡಿ, ತಾನಾಗಿ ಬಾಗಿಲ ಕಡೆ ಹೊರಟಿತು. ಕೈ ಚಿಲಕದ ಮೇಲಿತ್ತು. ಸಿಗರೇಟಿನ ವಾಸನೆ ಸಂದಿಯಿಂದ ಒಳಗೆ ಬಂತು.

"ಅಕ್ಕಾ."

ಚಪ್ಪಾಳೆಯಲ್ಲ, ಧ್ವನಿ. ಆಲ್ಬಮ್ಮಿನಲ್ಲಿದ್ದ ಅದೇ ಧ್ವನಿ.

"ಬೇಡ ಬಿಡು" ಎಂದಳು.

"ಹೋಗೇಬಿಟ್ಟರೆ ಕಣೇ?"

"ಹೋಗಲಿ ಅಂತಲೇ ಹೇಳ್ತಿರೋದು."

ಇಬ್ಬರೂ ಬಾಗಿಲಿಗೆ ಕಿವಿಗೊಟ್ಟೆವು. ಮೆಟ್ಟಿಲ ತಿರುವಿನಲ್ಲಿ ಅವನೊಮ್ಮೆ ಕೆಮ್ಮಿದ. ನಾನಿನ್ನೂ ಇಲ್ಲೇ ಇದ್ದೇನೆ ಅನ್ನುವ ಕೆಮ್ಮು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ, ಜೋರಾಗಿ. ತಂಗಿಗೆ ನಗು ತಡೆಯಲಾಗಲಿಲ್ಲ. ಟವೆಲ್ ಬಾಯಿಗೆ ತುರುಕಿಕೊಂಡಳು. ನನಗೂ ನಗು ಬಂತು, ಭುಜದ ಮೇಲಿಂದ ನೀರಿನ ಕೊಡ ಇಳಿಸಿದ ಹಾಗಾಯಿತು. ಚಿಲಕದಿಂದ ಕೈ ತೆಗೆದೆ.

ಆಮೇಲೆ ಬೂಟಿನ ಸದ್ದು ಒಂದೊಂದೇ ಮೆಟ್ಟಿಲು ಇಳಿಯಿತು.

"ಅಕ್ಕಾ, ಆ ಕಿಟಕಿ ತೆಗಿ. ಬೆಳಕೇ ಇಲ್ಲ ಇಲ್ಲಿ."

ಇಬ್ಬರೂ ಸೇರಿ ಪೆಟ್ಟಿಗೆಗಳನ್ನು ಪಕ್ಕಕ್ಕೆ ನೂಕಿ ಕಿಟಕಿ ತೆರೆದೆವು. ಕೆಳಗೆ ಮ್ಯಾನೇಜರ್ ರಸ್ತೆ ದಾಟುತ್ತಿದ್ದ. ಆಚೆ ಬದಿಯಲ್ಲಿ ನಿಂತು ತಲೆಯೆತ್ತಿ ನೋಡಿದ, ನಾನು ಕೈ ಬೀಸಿ ಕರೆಯುತ್ತೇನೆಂದು. ನಾನು ಎರಡೂ ಕೈ ಕಟ್ಟಿಕೊಂಡೆ. ಅವನು ಮೂಲೆ ತಿರುಗಿ ಹೋದ. ಮತ್ತೆ ಬರಲಿಲ್ಲ.