ಡ್ರೈಯರ್ ಪಾಯಿಂಟಿಗೆ ಕಾರು ಸಿಕ್ಕಿಸುವ ಮುಂಚೆ

೧
ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಬೆಂಕಿಯಿಂದ ಶುರು ಮಾಡಿದರೆ ಓದುತ್ತೀರಿ, ಪ್ಲಗ್ಗಿನಿಂದ ಶುರು ಮಾಡಿದರೆ ಪುಟ ಮಗುಚುತ್ತೀರಿ. ಹಾಗಾಗಿ ಮೊದಲ ಡ್ರಾಫ್ಟಿನಲ್ಲಿ ಬೆಂಕಿಯನ್ನೇ ಹಚ್ಚಿದೆ: ‘ಸುಂಟಿಕೊಪ್ಪದ ಆಚೆ, ಯಮುನ ನಡೆಸುವ ಹೋಂಸ್ಟೇಯ ಶೆಡ್ಡಿನಿಂದ ಹೊಗೆ ಏಳುತ್ತಿತ್ತು.’

“ಎಂಥ ಹೊಗೆ?” ಎಂದರು ಯಮುನ. “ನಿಮ್ಮ ಕಥೆಗೆ ಬೆಂಕಿ ಬೇಕಾದ್ರೆ ನಿಮ್ಮ ಮನೆಗೇ ಹಚ್ಕೊಳ್ಳಿ, ಕಥೆಯವರೇ. ನನ್ನ ಶೆಡ್ಡಲ್ಲಿ ಗೆಸ್ಟುಗಳ ಬೆಡ್‌ಶೀಟ್ ಉಂಟು.”

ಹೊಗೆ ಅಳಿಸಿದೆ.

೧ (ಮತ್ತೆ)
ಯಮುನ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಂದಿದ್ದರು. ಕಾರಣ ಒಂದೇ. ಕೊಡಗಿನ ಇನ್ನೊಂದು ತುದಿಯ ಕುಟ್ಟದಲ್ಲಿರುವ ತಂಗಿಯ ಮನೆಗೆ ಹೋಗಬೇಕೆಂದರೆ ಮದುವೆಯಾದಂದಿನಿಂದಲೂ ಯಾರನ್ನಾದರೂ ಕೇಳಬೇಕಿತ್ತು. ಗಂಡ ಉತ್ತಯ್ಯನವರಿಗೆ ಒಮ್ಮೆ ಕಾಫಿ ಪಿಕ್ಕಿಂಗ್, ಒಮ್ಮೆ ಗೊಬ್ಬರ, ಒಮ್ಮೆ ಸುಮ್ಮನೆ ಸೊಂಟನೋವು. ಕರೆದುಕೊಂಡು ಹೋದರೂ ಕಾಫಿ ಲೋಟ ಕೆಳಗಿಡುವ ಮೊದಲೇ “ಹೊರಡ್ವಾ?” ಈ ಸಲ ಒಬ್ಬಳೇ ಓಡಿಸಿಕೊಂಡು ಬರುತ್ತೇನೆ, ನಾಳೆಯೇ ಬರುತ್ತೇನೆ ಎಂದು ಯಮುನ ತಂಗಿಗೆ ಹೇಳಿಯಾಗಿತ್ತು. ಕಾರಿನ ಚಾರ್ಜು ಮಾತ್ರ ತಳ ಮುಟ್ಟಿತ್ತು.

ಶೆಡ್ಡಿನಲ್ಲಿ ಬಟ್ಟೆ ಒಣಗಿಸುವ ಡ್ರೈಯರಿಗೆಂದೇ ದಪ್ಪ ಪಿನ್ನಿನ ಪಾಯಿಂಟ್ ಹಾಕಿಸಿದ್ದರು. ಅದಕ್ಕೆ ಬೇರೆಯೇ ವಯರು, ಬೇರೆಯೇ ಎಂಸಿಬಿ ಸ್ವಿಚ್ಚು. ಯಮುನ ಡ್ರೈಯರಿನ ಪ್ಲಗ್ ಕಿತ್ತು ಕಾರಿನ ಚಾರ್ಜರ್ ಸಿಕ್ಕಿಸಿದರು. ಚಾರ್ಜರಿನಲ್ಲಿ ಕೆಂಪು ದೀಪ ಹತ್ತಿತು. ಇನ್ನೊಮ್ಮೆ ಸಿಕ್ಕಿಸಿದರೂ ಕೆಂಪೇ.

(ಗಂಡ ಹೆಂಡತಿ ಮನೆಯಲ್ಲಿ ಆಡುವುದು ಅರೆಭಾಷೆ, ಕೊಡಗಿನ ಗೌಡರ ಕನ್ನಡ. ನಿಮಗೆ ತಿಳಿಯಲಿ ಎಂದು ನಾನು ಅಲ್ಲಲ್ಲಿ ತಿದ್ದಿದ್ದೇನೆ. ಯಮುನ ಅವರಿಗೆ ಅದಕ್ಕೂ ಸಿಟ್ಟು ಉಂಟು.)

೨
ಉತ್ತಯ್ಯ ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ಹಿಡಿದುಕೊಂಡು ಬಂದರು. “ಅಡುಗೆಮನೆಯಿಂದ ಎಳೆವ. ಅಷ್ಟೇ ಅಲ್ಲವಾ?”

“ಆ ಬಾಕ್ಸಲ್ಲಿ ಮಿಕ್ಸಿ ತಿರುಗಿಸಿದ್ರೇ ಬಿಸಿ ಆಗ್ತದೆ. ಕಾರು ಹಾಕಿದ್ರೆ ಕರಗಿ ಹೋಗ್ತದೆ. ಒಳಗೆ ಇಡಿ ಅದನ್ನ.”

(ನಿಜ ಹೇಳಲಾ? ನನಗೆ ಆ ಬಾಕ್ಸ್ ಬೇಕಿತ್ತು. ಕರಗಿದ ಬಾಕ್ಸಿನಿಂದ ಒಳ್ಳೆಯ ಕ್ಲೈಮ್ಯಾಕ್ಸ್ ಹುಟ್ಟುತ್ತದೆ. ಉತ್ತಯ್ಯನವರಿಗೆ ಕಣ್ಣು ಹೊಡೆದೆ. ಅವರು ಹೆಂಡತಿಯ ಮುಖ ನೋಡಿ ಬಾಕ್ಸ್ ಒಳಗಿಟ್ಟರು. ಹೆದರುಪುಕ್ಕಲ ಪಾತ್ರ.)

ಎಲೆಕ್ಟ್ರಿಷಿಯನ್ ಕುಟ್ಟಪ್ಪನನ್ನು ಕರೆಸಿದರು. ಅವನು ಮೀಟರ್ ಇಟ್ಟು ನೋಡಿ, “ಅರ್ತ್ ಸಿಗ್ತಾ ಇಲ್ಲ ಅಕ್ಕ, ಅದಕ್ಕೇ ಕೆಂಪು. ನೆಲದಲ್ಲಿ ಹೂತ ಅರ್ತ್ ಪೈಪ್ ಎಲ್ಲಿ ಉಂಟು?” ಎಂದ.

ಶೆಡ್ಡಿನ ಹಿಂದೆ ಹೋಗಿ ನೋಡಿದರೆ ಪೈಪೇ ಇಲ್ಲ! ಒಂದು ಗುಂಡಿ, ಗುಂಡಿಯ ಮೇಲೆ ತುದಿ ಬಿಚ್ಚಿ ನೇತಾಡುವ ವಯರು. ಕುಟ್ಟಪ್ಪ ಯಮುನ ಅವರನ್ನು ನೋಡಿದ, ಯಮುನ ಉತ್ತಯ್ಯನವರನ್ನು ನೋಡಿದರು, ಉತ್ತಯ್ಯ ಆಕಾಶ ನೋಡಿದರು.

ಆದದ್ದು ಇಷ್ಟು. ಮಳೆಗಾಲದಲ್ಲಿ ತೋಟದ ಹಾಲುವಾಣ ಮರ ಬಿದ್ದು, ಅದಕ್ಕೆ ಹಬ್ಬಿಸಿದ್ದ ಕಾಳುಮೆಣಸಿನ ಬಳ್ಳಿ ನೆಲ ಹಿಡಿದಿತ್ತು. ಶೆಡ್ಡಿನ ಹಿಂದೆ ಕೆಲಸವಿಲ್ಲದೆ ನಿಂತಿದ್ದ ಪೈಪು ಉತ್ತಯ್ಯನವರ ಕಣ್ಣಿಗೆ ಬಿತ್ತು. ಅಗೆದು ಕಿತ್ತರು, ತೋಟದಲ್ಲಿ ನೆಟ್ಟರು, ಗೋಣಿತಾಟು ಸುತ್ತಿ ಬಳ್ಳಿ ಕಟ್ಟಿದರು. (ಬಳ್ಳಿಯಿಲ್ಲದ ಕಂಬ ಕಂಡರೆ ಮೆಣಸು ಬೆಳೆಯುವವರ ಕೈ ತುರಿಸುತ್ತದೆ. ರಸ್ತೆಯ ಕರೆಂಟ್ ಕಂಬಗಳು ಇನ್ನೂ ಬೋಳಾಗಿರುವುದು ನಮ್ಮ ಪುಣ್ಯ.)

“ಡ್ರೈಯರ್ ಮುಟ್ಟಿದ್ರೆ ಜುಂ ಅಂತದೆ ಅಂತ ಮಳೆಗಾಲದಿಂದ ಹೇಳ್ತಾ ಇದ್ದೆ,” ಎಂದರು ಯಮುನ. “ನೀವು ಎಂಥ ಹೇಳಿದ್ರಿ?”

ಉತ್ತಯ್ಯ ಕಾಲಿನಿಂದ ಗುಂಡಿಯ ಅಂಚಿನ ಮಣ್ಣು ಸರಿಸಿದರು.

“ಚಪ್ಪಲಿ ಹಾಕ್ಕೊ ಅಂದ್ರಿ.”

ಇಲ್ಲಿ ನಾನೊಂದು ತಮಾಷೆ ಸೇರಿಸಬೇಕೆಂದಿದ್ದೆ. ಆಗಲಿಲ್ಲ. ಯಮುನ ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ನೋವಾಗಿತ್ತು. ತನ್ನ ಮಾತನ್ನು ಇವರು ಕೇಳಿಸಿಕೊಂಡೇ ಇರಲಿಲ್ಲವಲ್ಲ ಎಂಬ ನೋವು.

೨ (ನಾನು ಬರೆದದ್ದು, ಯಮುನ ಹೊಡೆದುಹಾಕಿದ್ದು)
ಉತ್ತಯ್ಯ ಪಶ್ಚಾತ್ತಾಪದಿಂದ ಕತ್ತಿ ತೆಗೆದುಕೊಂಡು ಕಾಳು ಕಚ್ಚಿದ ಬಳ್ಳಿಯನ್ನು ಕಡಿದು...

“ಬಳ್ಳಿ ಎಂಥ ಮಾಡಿತ್ತು ಪಾಪ? ಹೊಸ ಪೈಪ್ ತರ್ಲಿ.”

೪
(ಮೂರು ಬೇಡ. ಅದರಲ್ಲಿ ಉತ್ತಯ್ಯ ಸುಂಟಿಕೊಪ್ಪಕ್ಕೆ ಹೋಗಿ ಪೈಪ್ ತಂದರು, ಬೆವರು ಸುರಿಸಿ ಗುಂಡಿ ತೋಡಿದರು, ಉಪ್ಪು ಇದ್ದಿಲು ತುಂಬಿದರು. ಬೋರು.)

ಕುಟ್ಟಪ್ಪ ವಯರು ಬಿಗಿದು, ಮತ್ತೆ ಮೀಟರ್ ಇಟ್ಟು, ಸರಿ ಉಂಟು ಎಂದ. “ಡ್ರೈಯರ್, ಕಾರು ಎರಡನ್ನೂ ಒಟ್ಟಿಗೆ ಈ ಪಾಯಿಂಟಿಗೆ ಹಾಕ್ಬೇಡಿ ಅಕ್ಕ. ಆಗಾಗ ಪ್ಲಗ್ ಮುಟ್ಟಿ ನೋಡಿ, ಸುಡ್ತಾ ಇದ್ರೆ ಆಫ್ ಮಾಡಿ.”

ಆಮೇಲೆ ಡ್ರೈಯರ್ ಹಾಕಿ ನೋಡಿದರು. ಉತ್ತಯ್ಯ ಯಾರೂ ಹೇಳದೆ ಚಪ್ಪಲಿ ಬಿಟ್ಟು, ಹಸಿ ಮಣ್ಣಿನ ಕಾಲಲ್ಲೇ ಬಂದು, ಅದರ ಮೇಲೆ ಅಂಗೈ ಇಟ್ಟರು. ತುಂಬ ಹೊತ್ತು ತೆಗೆಯಲಿಲ್ಲ.

“ಈಗ ಎಂಥ ಇಲ್ಲೆ,” ಎಂದರು, ಹೆಂಡತಿಯನ್ನು ನೋಡದೆ.

ಯಮುನ ಡ್ರೈಯರಿನ ಪ್ಲಗ್ ತೆಗೆದು ಕಾರಿನದು ಸಿಕ್ಕಿಸಿದರು. ಹಸಿರು ದೀಪ ಹತ್ತಿತು. ಬೆಡ್‌ಶೀಟುಗಳನ್ನು ಉತ್ತಯ್ಯ ಬಿಸಿಲಿಗೆ ಹರವಿದರು.

ಅಂತ್ಯ, ಮೊದಲನೆಯದು
ಬೆಳಿಗ್ಗೆ ಉತ್ತಯ್ಯ ಪಕ್ಕದ ಸೀಟಿನಲ್ಲಿ ಕೂತರು. ಇಬ್ಬರೂ ನಗುತ್ತಾ...

“ಇಳಿಸಿ ಅವರನ್ನ.”

ಅಂತ್ಯ, ಇನ್ನೊಂದು
ಕುಟ್ಟದ ದಾರಿಯಲ್ಲಿ, ಶ್ರೀಮಂಗಲದ ಹತ್ತಿರ ಕಾರು ನಿಂತುಹೋಯಿತು. ಉತ್ತಯ್ಯ ಜೀಪು ತಂದು...

“ನಿಮ್ಮದೂ ಅದೇ ಬುದ್ಧಿ ನೋಡಿ. ಫುಲ್ ಚಾರ್ಜ್ ಉಂಟು, ಯಾಕೆ ನಿಲ್ತದೆ?”

ಅಂತ್ಯ?
ಯಮುನ ಪ್ಲಗ್ ಕಿತ್ತು, ವಯರು ಸುತ್ತಿ ಡಿಕ್ಕಿಯಲ್ಲಿಟ್ಟರು. ಗೇಟಿನ ಹತ್ತಿರ ಉತ್ತಯ್ಯ, “ತಲುಪಿದ ಕೂಡ್ಲೆ ಫೋನ್ ಮಾಡು,” ಎಂದರು.

“ನೋಡ್ವ.”

ನಾನು ಕಾರಿನ ಹಿಂದಿನ ಬಾಗಿಲಿಗೆ ಕೈ ಹಾಕಿದೆ. ಲಾಕ್ ಆಗಿತ್ತು. ಯಮುನ ಗಾಜು ಇಳಿಸಿದರು.

“ನೀವು ಎಲ್ಲಿಗೆ?”

“ಕಥೆ ಮುಗಿಸಬೇಕಲ್ಲ ಅಕ್ಕ.”

“ಮುಗಿಸಿ, ಯಾರು ಬೇಡ ಅಂದ್ರು? ನಾ ಒಬ್ಬಳೇ ಹೋಗುದು.”

ಕಾರು ಸದ್ದಿಲ್ಲದೆ ತಿರುವಿನಲ್ಲಿ ಮರೆಯಾಯಿತು. ಉತ್ತಯ್ಯ ಮತ್ತು ನಾನು ಇನ್ನೂ ಗೇಟಿನಲ್ಲೇ ನಿಂತಿದ್ದೇವೆ, ಇಬ್ಬರ ಕೈಯಲ್ಲೂ ಫೋನು. ತಲುಪಿದರಾ, ಯಾವಾಗ ಬರುತ್ತಾರೆ ಎಂದು ನನ್ನನ್ನು ಕೇಳಬೇಡಿ. ನಮಗೂ ಹೇಳಿಲ್ಲ.