ನಂದೇನಿಲ್ಲಕ್ಕನ ಬೆಸುಗೆ

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಚರ್ಚಿನಲ್ಲಿ ಯಾರಿಗೂ ಅದು ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ನಂದೇನಿಲ್ಲಕ್ಕ. ಬಣ್ಣದ ಗಾಜಿನ ಚೂರುಗಳ ಅಂಚಿಗೆ ಸೀಸದ ಪಟ್ಟಿ ಕೊಟ್ಟು, ಬೆಸುಗೆ ಹಾಕಿ, ಕಿಟಕಿ ಕಟ್ಟುವುದು ಆಕೆಯ ಕಸುಬು. ಯಾರಾದರೂ ಚೆನ್ನಾಗಿದೆ ಅಂದರೆ ಸಾಕು, ಕೆಂಡ ಮುಟ್ಟಿದವಳಂತೆ ಕೈ ಹಿಂದೆಗೆದು, "ನಂದೇನಿಲ್ಲಪ್ಪ, ಎಲ್ಲಾ ಕರ್ತನದು" ಅನ್ನುವಳು. ಹೊಗಳಿಕೆ ತೆಗೆದುಕೊಂಡರೆ ಜಂಬ, ಜಂಬ ಬಂದರೆ ದೇವರು ದೂರ ಎಂದು ಚಿಕ್ಕಂದಿನಿಂದ ನಂಬಿದ ಜೀವ. "ಕಾಲಲ್ಲಿರೋ ಚಪ್ಪಲಿ ನಿಮ್ಮದಾ ಅಂತ ಕೇಳಿ ನೋಡಿ, ಅದಕ್ಕೂ ನಂದೇನಿಲ್ಲ ಅಂತಾಳೆ" ಎಂದು ಚರ್ಚಿನಲ್ಲಿ ಹಾಡುವ ಹೆಂಗಸರು ನಗುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಆಕೆ ಮತ್ತು ನಾದಿನಿ ನಡೆಸುತ್ತಿದ್ದರು. ಗಾಜು ಕತ್ತರಿಸುವುದು ನಾದಿನಿ, ಬೆಸುಗೆ ಆಕೆ. ಯಾರ ಪಾಲು ಯಾವುದೆಂದು ಹೊರಗಿನವರಿಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ, ಕೇಳಿದವರಿಗೆಲ್ಲ ನಂದೇನಿಲ್ಲ ಎಂಬ ಒಂದೇ ಉತ್ತರ.

ಚರ್ಚಿನ ಎಡಗಡೆ ಕಿಟಕಿಗೆ ಇಬ್ಬರೂ ಸೇರಿ ಒಂದು ಪಾರಿವಾಳ ಮಾಡಿಕೊಟ್ಟರು. ಊರೆಲ್ಲ ಕತ್ತೆತ್ತಿ ನೋಡಿತು. ಆಮೇಲೊಂದು ದಿನ ಜೋರು ಗಾಳಿ ಬೀಸಿ ಪಾರಿವಾಳದ ರೆಕ್ಕೆ ಕಳಚಿ ನೆಲಕ್ಕೆ ಬಿತ್ತು. ಪುಣ್ಯಕ್ಕೆ ಕೆಳಗೆ ಯಾರೂ ಕೂತಿರಲಿಲ್ಲ.

ಸಭೆಯ ಹಿರಿಯರೊಬ್ಬರು ಇಬ್ಬರನ್ನೂ ಕರೆಸಿದರು. ಬಿಟ್ಟುಹೋದ ಸೀಸದ ಪಟ್ಟಿಯನ್ನು ಬೆರಳಲ್ಲಿ ತಿರುವುತ್ತಾ, "ಈ ಬೆಸುಗೆ ಯಾರದಮ್ಮಾ?" ಎಂದು ಕೇಳಿದರು.

"ನಂದೇನಿಲ್ಲ" ಎಂದಳು ಆಕೆ.

ಯಾರದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾಲಗೆ ಹಳೇ ಜಾಡು ಹಿಡಿದ ಗಾಡಿಯಂತೆ ತಾನಾಗಿ ಉರುಳಿತ್ತು. ನಾದಿನಿ ತಿರುಗಿ ನೋಡಿದಳು. ಕಾದಳು. ತಿದ್ದಿಕೊಳ್ಳಲು ಒಂದು ಉಸಿರಿನಷ್ಟು ಹೊತ್ತಿತ್ತು, ಆದರೆ ಆಕೆ ಬಾಯಿ ತೆರೆಯಲಿಲ್ಲ.

"ಹಾಗಿದ್ರೆ ಇನ್ನು ಮಾಡಬೇಕಿರೋ ಬಲಗಡೆ ಕಿಟಕಿಗೆ ಈಕೆ ಕೈ ಹಾಕೋದು ಬೇಡ. ನೀವೊಬ್ರೇ ಮಾಡಿ" ಎಂದರು ಹಿರಿಯರು, ನಾದಿನಿಯ ಕಡೆ ಬೆರಳು ತೋರಿಸಿ.

ಆಕೆಯ ಒಳಗೆ ಏನೂ ಆಗಲಿಲ್ಲ. ನಾಚಿಕೆ ಬರಬೇಕಿತ್ತು, ಬರಲಿಲ್ಲ. ಮನೆಗೆ ಬಂದಳು, ಉಂಡಳು, ತಟ್ಟೆ ತೊಳೆದಳು.

ಮರುದಿನ ನಾದಿನಿ ಅಂಗಡಿ ಗುಡಿಸಿ, ಬೆಂಚು ಒರೆಸಿ, ಬಾಗಿಲ ಬಳಿ ಕೂತಳು. ಅವಳ ಗಾಜಿನ ಕತ್ತರಿ ಮೊಳೆಗೇ ತೂಗುತ್ತಿತ್ತು.

"ಬಲಗಡೆ ಕಿಟಕಿಗೆ ನೀಲಿ ಗಾಜು ಕತ್ತರಿಸಲ್ವಾ?"

"ಕೈ ಹಾಕಬಾರದು ಅಂದ್ರಲ್ಲ, ಅತ್ತಿಗೆ. ನನಗೆ ಬರೋದು ಇದೊಂದೇ ಕೆಲಸ. ಇರಲಿ, ನೆಲ ಒರೆಸ್ತೀನಿ. ನೀವು ದೊಡ್ಡವರು, ಜಂಬ ಇಲ್ಲದೋರು."

ಆಕೆ ಬೆಂಚಿನತ್ತ ತಿರುಗಿ ಕೆಲಸಕ್ಕೆ ಕೈ ಹಾಕಿದಳು. ಕಾದ ಬೆಸುಗೆ ಕಡ್ಡಿ ಬೆರಳಿಗೆ ತಾಗಿತು. ಚರ್ಮ ಬೆಳ್ಳಗಾದದ್ದು ಕಂಡಿತು, ಉರಿ ಮಾತ್ರ ತಿಳಿಯಲಿಲ್ಲ. ಬೆರಳು ಬೇರೆ ಯಾರದೋ ಎಂಬಂತೆ ಅದನ್ನೇ ನೋಡುತ್ತಾ ಕೂತಳು. ನೋಡುತ್ತಿದ್ದಂತೆ, ಯಾಕೋ ಏನೋ, ಅಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು.

ಒಂದಾನೊಂದು ಮನೆಯಲ್ಲಿ ಒಂದು ದೀಪವಿತ್ತಂತೆ. ಎಷ್ಟು ಬೆಳಕು ಅಂತ ಯಾರಾದರೂ ಅಂದರೆ, ನಂದೇನಿಲ್ಲ, ಎಲ್ಲಾ ಎಣ್ಣೆದು ಅನ್ನುತ್ತಿತ್ತಂತೆ. ಒಂದು ದಿನ ಗೋಡೆಯೆಲ್ಲ ಮಸಿ. ಮನೆಯೊಡತಿ, ಯಾರ ಕೆಲಸ ಇದು ಅಂದಳು. ನಂದೇನಿಲ್ಲ, ಎಣ್ಣೆದು ಅಂತು ದೀಪ. ಒಡತಿ ಎಣ್ಣೆಯನ್ನೆಲ್ಲ ಬಚ್ಚಲಿಗೆ ಸುರಿದುಬಿಟ್ಟಳು.

"ಆಮೇಲೆ ದೀಪ ಏನ್ಮಾಡ್ತಜ್ಜಿ?"

"ಮಾಡೋದೇನು ಬಂತು? ಕತ್ತಲಲ್ಲಿ ಕೂತು, ನನ್ನಷ್ಟು ದೀನ ಯಾರಿದಾರೆ ಅಂತ ಬೀಗ್ತಾ ಇತ್ತು."

ಕಥೆ ಕೇಳಿ ಆಗ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಈಗ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರೂ ಸಭಾಪಾಲಕರೂ ಆ ಕಿಟಕಿಯ ಕೆಳಗೆ ನಿಂತಿದ್ದರು. ರೆಕ್ಕೆಯ ಜಾಗಕ್ಕೆ ಹಲಗೆ ಬಡಿದಾಗಿತ್ತು. ಆಕೆ ನಾದಿನಿಯ ಮೊಣಕೈ ಹಿಡಿದು ಅವರ ಬಳಿ ಹೋದಳು.

"ಅಯ್ಯನವರೇ, ಬೆಸುಗೆ ನಂದು."

"ಯಾವುದಮ್ಮಾ?" ಎಂದರು ಹಿರಿಯರು.

"ಬಿದ್ದಿದ್ದು. ನಿಂತಿರೋದೂ ನಂದೇ. ರೆಕ್ಕೆ ಕೂಡಿಸೋ ದಿನ ಆತುರಕ್ಕೆ ಸೀಸ ಉಜ್ಜಿರಲಿಲ್ಲ. ಉಜ್ಜದೆ ಹಾಕಿದ ಬೆಸುಗೆ ಕಚ್ಚಲ್ಲ. ಗಾಜು ಕತ್ತರಿಸಿದ್ದು ಇವಳು. ಅದರಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ."

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಮತ್ತೆ ಅವತ್ತು ನಿಮ್ಮದಲ್ಲ ಅಂದ್ರಿ?"

"ಬಾಯಿಗೆ ರೂಢಿಯಾಗಿತ್ತು. ಒಳ್ಳೇದನ್ನ ನಂದು ಅನ್ನೋಕೆ ಬರದ ಬಾಯಿ ಇದು. ಕೆಟ್ಟದ್ದು ಬಂದಾಗಲೂ ಅನ್ನಲಿಲ್ಲ."

ಸಭಾಪಾಲಕರು ಆಕೆಯ ಕಡೆ ತಿರುಗಿದರು. "ಕರ್ತ ಕೊಟ್ಟ ಕೈಯನ್ನ ನನ್ನದಲ್ಲ ಅಂದ್ರೆ, ಕೊಟ್ಟೋನಿಗೆ ಯಾವ ಮರ್ಯಾದೆ ಕೊಟ್ಟ ಹಾಗಾಯ್ತಮ್ಮಾ?" ಎಂದರು ಮೆಲ್ಲಗೆ.

ಹಿರಿಯರು ನಾದಿನಿಯ ಕಡೆ ತಿರುಗಿ, "ನನ್ನದು ತಪ್ಪಾಯ್ತಮ್ಮ. ಬಲಗಡೆ ಕಿಟಕಿ ಇಬ್ಬರೂ ಸೇರಿಯೇ ಮಾಡಿ. ಮೊದಲು ಆ ರೆಕ್ಕೆ" ಎಂದರು.

ಭಾರ ಇಳಿಯುತ್ತದೆ ಎಂದು ಆಕೆ ಕಾದಳು. ಏನೂ ಇಳಿಯಲಿಲ್ಲ. ಹೊರಗೆ ಬಿಸಿಲಿತ್ತು. ಇಬ್ಬರೂ ಮನೆಗೆ ನಡೆದರು.

ಸೋಮವಾರ ನಾದಿನಿ ಮೊಳೆಯಿಂದ ಕತ್ತರಿ ಇಳಿಸಿಕೊಂಡು ಹೊಸ ರೆಕ್ಕೆಗೆ ಗಾಜು ಕತ್ತರಿಸಿದಳು. ಆಕೆ ಸೀಸವನ್ನು ಹೊಳಪು ಬರುವ ತನಕ ಉಜ್ಜಿ, ರೆಕ್ಕೆಯ ಕೀಲುಗಳಿಗೆ ಬೆಸುಗೆ ಹಾಕಿದಳು. ಅದು ಆರಿದ ಮೇಲೆ ನಾದಿನಿ ರೆಕ್ಕೆಯನ್ನು ಬೆಳಕಿಗೆ ಹಿಡಿದು, ಅಲುಗಿಸಿ ನೋಡಿದಳು.

"ಚೆನ್ನಾಗಿ ಕೂತಿದೆ, ಅತ್ತಿಗೆ."

ನಾಲಗೆ ಹಳೇ ಜಾಡಿನ ಕಡೆ ಹೊರಟಿತು. ಆಕೆ ತುಟಿ ಕಚ್ಚಿ ತಡೆದಳು. ನಾದಿನಿ ಕಾಯುತ್ತಿದ್ದಳು.

"ಹೂಂ" ಎಂದಳು ಆಕೆ. "ಚೆನ್ನಾಗಿದೆ."

ಸುಟ್ಟ ಬೆರಳು ಆಗ ಸಣ್ಣಗೆ ಉರಿಯತೊಡಗಿತು.